ಕಾಲುವೆ ದಾಟದ ಶಬ್ದವನ್ನು ಪತ್ತೆಹಚ್ಚಿದ ಮಾನ್ಯರಿಗೆ

ಡಿಸೆಂಬರ್ ೨೦೦೩
ಹುಣಸೀಮಡ್ಡಿ, ಗೋಕಾಕ ತಾಲ್ಲೂಕು

ಮಾನ್ಯರೇ,

ಶಬ್ದಮೂಲ ಶೋಧನಾ ತಂಡದ ಮುಖ್ಯಸ್ಥರಾದ ತಮ್ಮ ಸನ್ನಿಧಿಗೆ ನಿವೃತ್ತ ಮಾಸ್ತರ ಉದ್ದಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು, ತಮ್ಮ ಆರು ಮೈಕುಗಳು ಹಾಗೂ ತಮ್ಮ ಕಂಪ್ಯೂಟರು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವಾಗಿಲ್ಲ.

ಕಬ್ಬಿನ ಹಂಗಾಮು ಶುರುವಾದಾಗಿನಿಂದ ನಮ್ಮ ಓಣಿಯಲ್ಲಿ ಕಿವಿಗೆ ಅಷ್ಟಾಗಿ ಕೇಳಿಸದ, ಆದರೆ ಎದೆಗೆ ತಾಕುವ ಒಂದು ಗುಂಯ್‌ಗುಡುವಿಕೆ ಇದೆ. ಗೂಡಿನಲ್ಲಿಟ್ಟ ತಾಟುಗಳು ತಾವಾಗಿ ನಡುಗುತ್ತವೆ, ನನ್ನ ಹೆಂಡತಿ ಕಾಡವ್ವನಿಗೆ ಕಣ್ಣು ಮುಚ್ಚಿದರೆ ತಲೆ ಸುತ್ತುತ್ತದೆ. ಇದರ ಮೂಲ ಹುಡುಕಿಕೊಡಿರೆಂದು ಹೆಸರು ಹಾಕದೆ ಅರ್ಜಿ ಬರೆದವನು ನಾನೇ. ಕಾಲುವೆಯಾಚೆಯ ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಅಳಿಯ ಕೆಲಸಕ್ಕಿರುವುದರಿಂದ ಹೆಸರು ಹಾಕಲು ಧೈರ್ಯವಾಗಲಿಲ್ಲ.

ಇಂಥ ದಪ್ಪ ಶಬ್ದ ಯಾವ ದಿಕ್ಕಿನದೆಂದು ಕಿವಿ ಹೇಳಲಾರದು, ಆದ್ದರಿಂದ ಆರು ಕಡೆ ಮೈಕಿಟ್ಟು ಅಳೆದು, ಇಡೀ ಊರನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅಲ್ಲಿ ಲೆಕ್ಕದಿಂದಲೇ ಶಬ್ದವನ್ನು ಹರಿಸಿ, ಎರಡೂ ತಾಳೆಯಾಗುವ ಜಾಗವನ್ನು ಹಿಡಿಯುತ್ತೇವೆಂದು ತಾವು ವಿವರಿಸಿದಾಗ ನನಗೆ ಮೈ ಜುಮ್ಮೆಂದಿತು. ಆದರೆ ಊರು ಕಟ್ಟುವಾಗ ತಾವು ಕಾಲುವೆಯವರೆಗೆ ಮಾತ್ರ ಕಟ್ಟಿದಿರಿ. ನಕ್ಷೆ ಕೊಟ್ಟವರು ಕಾರ್ಖಾನೆಯವರು, ಮೂರು ದಿನ ಊಟ ಹಾಕಿದವರೂ ಅವರೇ, ಅವರ ಊಟದ ರುಚಿಗೆ ಹಂಗಾಮಿನುದ್ದಕ್ಕೂ ಹಗಲೂ ರಾತ್ರಿ ತಿರುಗುವ ಅವರ ಬಾಯ್ಲರಿನ ದೊಡ್ಡ ಫ್ಯಾನು ನಕ್ಷೆಯಿಂದ ಜಾರಿಹೋದದ್ದು ಸಹಜವೇ. ಉಳಿದ ಜಾಗದಲ್ಲಿ ಯಂತ್ರವೆಂದು ಇದ್ದದ್ದು ವಿಧವೆ ಇಂದ್ರವ್ವನ ಹಿಟ್ಟಿನ ಗಿರಣಿ ಒಂದೇ. ಪಾಪ, ಶಬ್ದಕ್ಕೂ ಬೇರೆ ದಾರಿಯಿರಲಿಲ್ಲ, ಅಲ್ಲಿಗೇ ಹೋಗಿ ಕೂತಿತು.

ತಾವು ಅಳತೆ ಮಾಡಿದ್ದು ಚತುರ್ದಶಿಯ ದಿನ. ಇಂದ್ರವ್ವ ಜೈನರಾಕೆ; ಅಷ್ಟಮಿ, ಚತುರ್ದಶಿಗೆ ಗಿರಣಿಯ ಬೆಲ್ಟು ಏರಿಸುವುದಿಲ್ಲವೆಂದು ಊರಿಗೆಲ್ಲ ಗೊತ್ತಿರುವುದರಿಂದ ಆ ದಿನ ಯಾರೂ ಜೋಳದ ಚೀಲ ಹೊತ್ತು ಅತ್ತ ಸುಳಿಯುವುದಿಲ್ಲ. ಉಪವಾಸವಿದ್ದ ಆಕೆ ತಮ್ಮೆದುರಿಗೇ ನಿಂತು, “ಇವತ್ತ ಗಿರಣಿ ಬಂದ್ ಐತ್ರಿ ಸಾಹೇಬ್ರ, ನಾಳೆ ಬರ್ರಿ” ಎಂದಳು. ಗದ್ದಲವಿಲ್ಲದಿದ್ದರೆ ಅಳತೆ ಚೆನ್ನಾಗಿ ಬರುತ್ತದೆಂದು ತಾವು ಸಂತೋಷಪಟ್ಟಿರಿ. ಅಂಥ ತಣ್ಣನೆಯ ಗಿರಣಿಕಲ್ಲಿನಿಂದ ಊರು ನಡುಗಿಸುವ ಶಬ್ದ ಹೊರಡಿಸಿದ ವಿದ್ವತ್ತಿಗೆ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ತಲಾ ಒಂದು ಶಾಲು ಹೊದಿಸಬೇಕೆಂದು ನನ್ನ ಸೂಚನೆ.

ತಮ್ಮ ವರದಿಯಂತೆ ಬಾಗಿಲಿಗೆ ನೋಟೀಸು ಅಂಟಿ, ಗಿರಣಿಗೆ ಬೀಗ ಬಿದ್ದು ಹದಿನೈದು ದಿನವಾಯಿತು. ತಾಟುಗಳು ನಡುಗುತ್ತಲೇ ಇವೆ. ಹೆಂಗಸರು ಜೋಳದ ಚೀಲ ಹೊತ್ತು ಬಸ್ಸು ಹಿಡಿದು ಘಟಪ್ರಭೆಗೆ ಹೋಗುತ್ತಾರೆ, ಇಂದ್ರವ್ವ ಮಾತ್ರ ಬಾಗಿಲ ಮುಂದೆ ಸುಮ್ಮನೆ ಕೂತಿರುತ್ತಾಳೆ. ಶಬ್ದ ಕಾಲುವೆ ದಾಟುವುದಿಲ್ಲವೆಂಬುದು ತಮ್ಮ ವರದಿಯ ಅಭಿಪ್ರಾಯವಾದರೆ ಪ್ರತಿ ಮನೆಯ ಸುತ್ತಲೂ ಒಂದೊಂದು ಕಾಲುವೆ ತೋಡಿಸಿಕೊಡಿ. ಇಲ್ಲವೇ ಆ ಗುಂಯ್‌ಗುಡುವಿಕೆಗೂ ಒಂದು ನೋಟೀಸು ಕೊಟ್ಟು, ಏಳು ದಿನಗಳೊಳಗೆ ತಾನೇ ಖುದ್ದು ಹಾಜರಾಗಿ ತನ್ನ ವಿಳಾಸ ತಿಳಿಸಲು ಆಜ್ಞಾಪಿಸಿ. ಎರಡೂ ಆಗದಿದ್ದರೆ ಬೀಗ ತೆಗೆಯಿರಿ, ಅದಕ್ಕೆ ಕಂಪ್ಯೂಟರು ಬೇಕಾಗುವುದಿಲ್ಲ.

ನಕ್ಷೆಯ ಒಳಗೇ ಉಳಿದಿರುವ
ತಮ್ಮ ವಿಶ್ವಾಸಿ,
ಉದ್ದಪ್ಪ

ತಾ.ಕ.: ನಿನ್ನೆ ಇಂದ್ರವ್ವ ಕೈಬೀಸುವ ಕಲ್ಲಿನಲ್ಲಿ ತಾನೇ ಬೀಸಿದ ಒಂದು ಸೇರು ಹಿಟ್ಟು ತಂದು, “ಕಾಡವ್ವಗ ಆರಾಮಿಲ್ಲ, ಬಸ್ ಹತ್ತಿ ಎಲ್ಲಿ ಹೋಗ್ತೀರಿ ಮಾಸ್ತರ್ರ” ಎಂದು ಕೊಟ್ಟು ಹೋದಳು. ಆ ಅರ್ಜಿ ಯಾರದೆಂದು ಆಕೆಗೆ ತಿಳಿದಿಲ್ಲ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ, ಆದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ಆಕೆಯ ಗಿರಣಿಯ ಬಾಗಿಲಿಗೆ, ತಮ್ಮ ನೋಟೀಸಿನ ಬಾಜೂ ಅಂಟಿಸಿದ್ದೇನೆ. ತಪ್ಪು ಮಾಡಿದವರಿಬ್ಬರಲ್ಲಿ ಒಬ್ಬನಾದರೂ ಹೆಸರು ಹಾಕಿದ್ದಾನೆ.