ಕಿವಿ ಚುಚ್ಚಿಸಲು ಹೈಕೋರ್ಟಿನ ತನಕ

ವಯಸ್ಸಾದಂತೆ ಮನುಷ್ಯರಿಗೆ ಒಂದೊಂದು ಪದವಿ ಬಂದು ಅಂಟಿಕೊಳ್ಳುತ್ತದೆ. ಅತ್ತೆಯಾದೆ, ಅಜ್ಜಿಯಾದೆ, ಅರವತ್ತೆಂಟಕ್ಕೆ ಎರಡನೆಯ ಆರೋಪಿಯಾದೆ. ನಾಲ್ಕನೆಯ ಈಯತ್ತೆಗೆ ಸಾಲೆ ಬಿಟ್ಟ ನನಗೆ ಯಾವ ಪರೀಕ್ಷೆಯಲ್ಲೂ ಎರಡನೆಯ ನಂಬರು ಬಂದಿರಲಿಲ್ಲ ಎಂದು ನಮ್ಮ ಖಾಸಬಾಗದ ಓಣಿಯಲ್ಲಿ ಹೇಳಿಕೊಂಡು ನಕ್ಕೆ. 

ಕಾರಣ ಒಂದು ಹಲಸಿನ ಮರ. ಖಾನಾಪುರದ ಹೊಲ ನನ್ನ ಸೊಸೆ ಶೋಭಾಳಿಗೂ ಅವಳ ಅಣ್ಣ ಮಲ್ಲೇಶನಿಗೂ ಇನ್ನೂ ಪಾಲಾಗಿರಲಿಲ್ಲ. ಬದುವಿನ ಮರ ತನ್ನದೆಂದು ಅವನು, ತನ್ನದೂ ಹೌದೆಂದು ಇವಳು. ಹೀಗಿರುವಾಗ ಹಣ್ಣು ಕಳವಾದವೆಂದು ಮಲ್ಲೇಶ ಸಿಟ್ಟಿನಲ್ಲಿ ಪೊಲೀಸರಿಗೆ ದೂರು ಕೊಟ್ಟ. ಮೊದಲನೆಯ ಆರೋಪಿ ನನ್ನ ಮಗ, ಎರಡನೆಯವಳು ನಾನು. "ಆ ಮರದ ನೆರಳೂ ನನಗ ಗೊತ್ತಿಲ್ಲ" ಎಂದು ಕಂಡಕಂಡವರೆದುರು ಆಣೆ ಮಾಡಿದೆ. ಆದರೆ ಜೈಲಿಗಿಂತ ದೊಡ್ಡ ಚಿಂತೆ ಮೊಮ್ಮಗಳು ಗೌರಿಯ ಕಿವಿಯದು. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು. ಕೂಸಿಗೆ ಮೂರು ತುಂಬುತ್ತ ಬಂದರೂ ಕಿವಿ ಬರಿದು. ಇರುವ ಒಬ್ಬನೇ ಮಾವ ಫಿರ್ಯಾದಿ!

ದೂರು ರದ್ದು ಮಾಡಿರೆಂದು ನಮ್ಮ ಪರವಾಗಿ ಅರ್ಜಿ ಹಾಕಿದ್ದ ವಕೀಲ ಹುಡುಗಿ ಸವಿತಾ ಕಳೆದ ವಾರ ಧಾರವಾಡದ ಹೈಕೋರ್ಟಿನಿಂದ ಫೋನು ಮಾಡಿದಳು. "ಅಜ್ಜೀ, ಹೈಕೋರ್ಟ್ ಕೇಸು ರದ್ದು ಮಾಡೇತ್ರಿ!" ಮುಂದಿನ ಮಾತು ಕೇಳುವ ವ್ಯವಧಾನ ನನಗೆಲ್ಲಿ? ಓಣಿಗೆಲ್ಲ ಸಿಹಿ ಕುಂದಾ ಹಂಚಿ, "ನಿರ್ದೋಷಿ ಅಂದ್ರವಾ ನನ್ನ" ಎಂದು ಸಾರಿದೆ. ಸಂಜೆ ಸವಿತಾ ಬಂದು ತಲೆ ಚಚ್ಚಿಕೊಂಡಳು.

"ನಿರ್ದೋಷಿ ಅಂದಿಲ್ರಿ ಅಜ್ಜೀ. ಇದು ಪಾಲಿನ ಜಗಳ, ಪೊಲೀಸರ ಕೆಲಸ ಅಲ್ಲ, ಸಿವಿಲ್ ಕೋರ್ಟಿನ್ಯಾಗ ನೋಡ್ಕೋರಿ ಅಂದಾರ. ಹಣ್ಣು ಯಾರು ಹರದ್ರು ಅಂತ ಅವರು ಕೇಳೇ ಇಲ್ಲ."

"ಕೇಳದಿದ್ರ ಬಿಡವಾ, ದೊಡ್ಡ ಮಂದಿ!" ಎಂದೆ.

ಉಳಿದ ಕುಂದಾ ಕಟ್ಟಿಕೊಂಡು ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ. ಮಲ್ಲೇಶ ಬಾಗಿಲಲ್ಲೇ ತಡೆದ. "ಗೆದ್ದೇನಿ ಅಂತ ತೋರ್ಸಾಕ ಬಂದೀರೇನ್ರಿ ಅತ್ತೀ?"

"ನಿನ್ನ ತೊಡಿ ಕೇಳಾಕ ಬಂದೇನೋ ತಮ್ಮಾ. ಗೌರಿ ಕಿವಿ ಚುಚ್ಚಸ್ಬೇಕು."

ಅವನು ಬಾಗಿಲಿಗೆ ಅಡ್ಡವಿಟ್ಟ ಕೈ ತೆಗೆದ. "ನನ್ನ ಬಿಟ್ಟ ಮಾಡ್ಸಿರ್ತೀರಿ ಅಂತ ತಿಳ್ದಿದ್ದೆ" ಎಂದು ನನ್ನ ಕೈಚೀಲ ಇಸಿದುಕೊಂಡ. "ಬರ್ತೀನ್ರಿ. ಒಳಗ ಬಂದು ಕುಂದರ್ರಿ."

ನಿನ್ನೆ ಗೌರಿ ಮಾವನ ತೊಡೆಯೇರಿದಳು. ಅಕ್ಕಸಾಲಿಗ ತಂತಿ ಚುಚ್ಚಿದಾಗ ಅವಳ ಕೂಗಿಗಿಂತ ನನ್ನ ಆನಂದದ ಅಳುವೇ ಜೋರಾಗಿತ್ತು. ಮಲ್ಲೇಶ ಕೂಸಿನ ಕಣ್ಣೊರೆಸುತ್ತ ಮೆಲ್ಲಗೆ ಕೇಳಿದ: "ಅತ್ತೀ, ಆಗಿದ್ದಾತು ಬಿಡ್ರಿ. ಹಣ್ಣು ಹೆಂಗಿದ್ವು?"

"ಏನ್ ಸೀ ಇದ್ವೋ ತಮ್ಮಾ! ಕೆಡವಿ ಕೆಡವಿ ನನ್ನ ರಟ್ಟಿ ನೋವಾದ್ರೂ ಚಿಂತಿಲ್ಲ ಅನ್ನಿಸ್ತು."

 ಮಲ್ಲೇಶ ಹೊಟ್ಟೆ ಹಿಡಿದುಕೊಂಡು ನಕ್ಕ ನಗೆಗೆ ಗೌರಿ ಅಳು ಮರೆತಳು. ಊಟಕ್ಕೆ ಕರೆದಿದ್ದ ಸವಿತಾ ಮಾತ್ರ, "ಅಜ್ಜೀ, ಸಿವಿಲ್ ಕೇಸು ಇನ್ನೂ ಬಾಕಿ ಐತ್ರಿ!" ಎನ್ನುತ್ತ ಓಡಿಬಂದು ನನ್ನ ಬಾಯಿಗೆ ಒಂದು ಹೋಳಿಗೆ ತುರುಕಿದಳು. ಊಟ ಮುಗಿಯುವ ತನಕ ಅವಳು ನನ್ನ ಬಾಯಿ ಖಾಲಿಯಾಗಲು ಬಿಡಲೇ ಇಲ್ಲ.