ಅತ್ತೆಯ ತಲೆಯ ಮೇಲೆ ಹದಿನೈದು ವ್ಯಾಟ್

ಈ ವರ್ಷ ಬೆಳಗುವವನು ನಾನೇ ಎಂದು ಶಪಥ ಮಾಡಿದ್ದೆ, ಸ್ವಾಮಿ! ನಾನು ಪಾವೆಲ್, ನನ್ನ ಅತ್ತೆ ಪೆತ್ರಾ. ಇಬ್ಬರ ಹೆಸರಿನ ಹಬ್ಬವೂ, ಅಂದರೆ ನಮ್ಮ ಹೆಸರಿನ ಸಂತರ ದಿನವೂ, ಒಂದೇ: ಪೆತ್ರೋವ್ಡೆನ್. ನಮ್ಮ ಬಲ್ಗೇರಿಯಾದಲ್ಲಿ ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಊರೇ ತಾನಾಗಿ ಬರುತ್ತದೆ. ಬಂದವರು ಅತ್ತೆಗೆ ಹೂವು ಕೊಟ್ಟು, ನಾನು ಸಾಕಿದ ಕೋಳಿ ತಿಂದು, ನಾನು ಭಟ್ಟಿ ಇಳಿಸಿದ ರಾಕಿಯಾ ಕುಡಿದು ಹೋಗುತ್ತಾರೆ. "ಪಾವೆಲ್, ನಿನಗೂ ಶುಭವಾಗಲಿ" ಎನ್ನುವ ನರಪಿಳ್ಳೆಯಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅದಕ್ಕೇ ಈ ಸಲ ದ್ರಾಕ್ಷಿ ಚಪ್ಪರದ ಕೆಳಗೆ ದೀಪಾಲಂಕಾರ! ನನ್ನ ಕುರ್ಚಿಯ ಮೇಲೆ ನೂರು ವ್ಯಾಟಿನ ಬಲ್ಬು. ಅತ್ತೆಯ ಕುರ್ಚಿಯ ಮೇಲೆ ಹಳೇ ಫ್ರಿಜ್ಜಿನಿಂದ ಕಿತ್ತ ಹದಿನೈದು ವ್ಯಾಟಿನ ಬಡಪಾಯಿ. (ವಯಸ್ಸಾದ ಕಣ್ಣಿಗೆ ತಂಪು, ಅಲ್ಲವೇ?) ವೈರು ಉಳಿಸಲು ಎರಡನ್ನೂ ಒಂದರ ಹಿಂದೊಂದು ಪೋಣಿಸಿದೆ.

ಸಂಜೆ ಅಂಗಳ ತುಂಬಿತು. ಸ್ವಿಚ್ ಒತ್ತಿದೆ. ಅತ್ತೆ ಚರ್ಚಿನ ಗೋಡೆಯ ಸಂತರ ಹಾಗೆ ಬೆಳಗಿದರು! ನನ್ನ ನೂರು ವ್ಯಾಟು ಕೆಂಪಗೂ ಆಗಲಿಲ್ಲ. ಜನ ಹೂಗುಚ್ಛ ಹಿಡಿದು ಬೆಳಕಿದ್ದ ಕಡೆಗೇ ನುಗ್ಗಿದರು.

ನನ್ನ ಹೆಂಡತಿ ದಾರಿನಾ ಶಾಲೆಯಲ್ಲಿ ವಿಜ್ಞಾನದ ಟೀಚರ್ (ಮನೆಯಲ್ಲಿ ಹೆಡ್‌ಮಾಸ್ಟರ್).

"ಏನ್ರೀ ಇದು, ಒಂದೇ ಎಳೆಯಲ್ಲಿ ಹಾಕಿದ್ದೀರಾ? ಎರಡರಲ್ಲೂ ಹರಿಯೋ ಕರೆಂಟು ಒಂದೇ. ಸಣ್ಣ ಬಲ್ಬಿಗೆ ತಡೆ ಜಾಸ್ತಿ, ಅದಕ್ಕೇ ಅದು ಜಾಸ್ತಿ ಉರಿಯತ್ತೆ. ನಿಮ್ದು ಸುಮ್ನೆ ನೇತಾಡತ್ತೆ!"

"ಅಂದ್ರೆ ಸಣ್ಣದೇ ಗೆಲ್ಲೋದು ಅನ್ನು!"

ನನ್ನ ತಲೆಯಲ್ಲಿ ಮಿಂಚು ಹೊಡೆಯಿತು! ಅವಳು ಅಡುಗೆಮನೆಗೆ ಹೋದದ್ದೇ ತಡ, "ಬಲ್ಬು ಸಡಿಲವಾಗಿದೆ" ಎಂದು ಕೂಗಿ, ಪ್ಲಗ್ ಕಿತ್ತು, ಕತ್ತಲಲ್ಲೇ ಕುರ್ಚಿ ಹತ್ತಿ ಎರಡನ್ನೂ ಅದಲುಬದಲು ಮಾಡಿದೆ. ಫ್ರಿಜ್ಜಿನ ಬಡಪಾಯಿ ಬೆರಳು ಸುಟ್ಟಿತು. ಸುಡಲಿ! ಇನ್ನು ನಾನು ಹುರಿದ ಕೋಳಿ ಹಿಡಿದು ಬರಬೇಕು, ಬೆಳಕು ನನ್ನ ಮೇಲೆ ಬೀಳಬೇಕು, ಊರೆಲ್ಲ ಎದ್ದು ನಿಲ್ಲಬೇಕು.

ತಟ್ಟೆ ತರುವಷ್ಟರಲ್ಲಿ ದಾರಿನಾ ಕಟಿಂಗ್ ಪ್ಲೇಯರ್ ಹಿಡಿದು ನಗುತ್ತಾ ನಿಂತಿದ್ದಳು.

"ನಿಮ್ಮ ಹಬ್ಬಾನೂ ಅಲ್ವಾ? ನೀವು ಕತ್ತಲಲ್ಲಿ ಕೂತಿದ್ದು ನೋಡಿ ಪಾಪ ಅನ್ನಿಸ್ತು. ಕತ್ತಲಲ್ಲೇ ತಡಕಾಡಿ ಎರಡಕ್ಕೂ ಬೇರೆ ಬೇರೆ ವೈರು ಎಳೆದಿದ್ದೀನಿ. ಈಗ ನಿಮ್ಮ ನೂರು ವ್ಯಾಟು ಪೂರ್ತಿ ಉರಿಯತ್ತೆ!"

"ಬೇಡ ಕಣೇ!" ಎನ್ನುವಷ್ಟರಲ್ಲಿ ಸ್ವಿಚ್ ಒತ್ತೇಬಿಟ್ಟಳು.

ನೂರು ವ್ಯಾಟು ಅತ್ತೆಯ ನೆತ್ತಿಯ ಮೇಲೆ ಧಗಧಗನೆ ಬೆಳಗಿತು! "ಪೆತ್ರಾ, ನೂರು ಕಾಲ ಬಾಳಿ!" ಎಂದು ಊರೆಲ್ಲ ಎದ್ದು ನಿಂತಿತು. ಅತ್ತೆ ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನನ್ನ ಕಡೆ ನೋಡಿದರು.

"ಆ ಮೂಲೇಲಿ ಕೋಳಿ ಹಿಡ್ಕೊಂಡು ನಿಂತಿರೋದು ಯಾರಪ್ಪಾ? ಒಳಗೆ ಬಾ, ಸಂಕೋಚ ಪಡಬೇಡ. ನಮ್ಮ ಮನೇಲಿ ಕರೀದೆ ಬಂದೋರಿಗೂ ಊಟ ಉಂಟು!"