ಮೊದಲು ನಮಸ್ಕಾರ, ಆಮೇಲೆ ಗುದ್ದು

ಒಂದೇ ಆಟವನ್ನು ಒಬ್ಬರು ಗೆಲ್ಲುವುದಕ್ಕೆ, ಇನ್ನೊಬ್ಬರು ಹೊತ್ತು ಕಳೆಯುವುದಕ್ಕೆ ಆಡುವ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಕಂಪ್ಲಿಯಲ್ಲಿ ನನ್ನದು ತೆಂಗಿನಕಾಯಿ, ಕರ್ಪೂರ, ವಿಭೂತಿ ಮಾರುವ ಅಂಗಡಿ. ಗೆಲ್ಲುವುದಕ್ಕೆ ಆಡುವವಳು ನನ್ನ ಮಗಳು, ಹೊಸಪೇಟೆಗೆ ದಿನಾ ಹೋಗಿಬಂದು ಡಿಗ್ರಿ ಓದುತ್ತಾಳೆ. ಹೊತ್ತು ಕಳೆಯುವವನು ನಾನು. ಆಟವೆಂದರೆ, ಟಿವಿಗೆ ಒಂದು ಡಬ್ಬಿ ಜೋಡಿಸಿ, ಕೈಯಲ್ಲಿ ರಿಮೋಟ್ ಹಿಡಿದು, ಪರದೆಯ ಮೇಲೆ ಇಬ್ಬರು ಪೈಲ್ವಾನರನ್ನು ಬಡಿದಾಡಿಸುವುದು.

ಗರಡಿಯ ಪದ್ಧತಿ

ನಾನು ಓದಿದ್ದು ಸಂಡೂರು ಕಡೆಯ ಬಂಡ್ರಿಯಲ್ಲಿ. ಶಾಲೆ ಬಿಟ್ಟರೆ ಗರಡಿಮನೆ. ಕಣಕ್ಕೆ ಇಳಿದವನು ಮೊದಲು ಬಗ್ಗಿ ಮಣ್ಣು ಮುಟ್ಟಿ ನಮಸ್ಕರಿಸಬೇಕು, ಎದುರಿನವನು ಕೈ ಮಾಡುವ ತನಕ ತಾನು ಕೈ ಮಾಡಬಾರದು ಎಂದು ನಮ್ಮ ಉಸ್ತಾದರು ಕಲಿಸಿದ್ದರು. ಮಗಳು ಮೊದಲ ಸಲ ರಿಮೋಟ್ ಕೊಟ್ಟಾಗ ನಾನು ಕೇಳಿದ್ದು ಎರಡೇ: ಬಗ್ಗುವುದು ಹೇಗೆ, ಗುದ್ದುವುದು ಯಾವ ಗುಂಡಿ. ಆಟ ಶುರುವಾಯಿತು. ನನ್ನ ಪೈಲ್ವಾನ ಬಗ್ಗಿ ಕುಳಿತ.

"ಅಪ್ಪಾ, ಯಾಕ ಬಗ್ಗಿ ಕುಂತಿ?"

"ನಮಸ್ಕಾರ ಮಾಡಾಕತ್ತೀನವಾ."

"ನಾನು ಒದಿಯಾಕತ್ತೀನಿ!"

"ಒದಿ. ನಮಸ್ಕಾರ ಮುಗೀಲಿ, ನೋಡೋಣಂತ."

ನಮಸ್ಕಾರ ಮುಗಿಯುವುದರೊಳಗೆ ನನ್ನ ಪೈಲ್ವಾನ ಮಲಗಿದ್ದ. ಅಷ್ಟಾದರೂ ಪದ್ಧತಿಯನ್ನು ನಾನು ಬಿಡಲಿಲ್ಲ, ದಿನಾ ಸಂಜೆ ಅವಳ ಕೈಲಿ ಒದೆಸಿಕೊಂಡು ನಗುತ್ತಾ ಊಟಕ್ಕೆ ಏಳುತ್ತಿದ್ದೆ.

ಹಂಪಿಯ ಉಪವಾಸ

ನನ್ನ ತಮ್ಮ ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುತ್ತಾನೆ. ಒಂದು ರಜೆಯಲ್ಲಿ ನಾನೂ ಮಗಳೂ ಹೋದಾಗ ಅವಳು ಡಬ್ಬಿಯನ್ನು ಅಲ್ಲಿಗೂ ಹೊತ್ತೊಯ್ದಳು. ಅಲ್ಲಿ ಇಳಿದಿದ್ದ ಪರದೇಶದ ಹುಡುಗನೊಬ್ಬ ಜೊತೆಗೆ ಆಡಲು ಕುಳಿತ. ಸೋತಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುವ ಜಾತಿ ಅವನದು. ಅವನು ನಕ್ಕಷ್ಟೂ ಇವಳ ಹುಬ್ಬು ಗಂಟಾಗುತ್ತಿತ್ತು. ಕೊನೆಗೊಮ್ಮೆ ಅವನು ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿ, ಹೇಗೋ ಗೆದ್ದುಬಿಟ್ಟ. ಮಗಳು ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ಕುಳಿತಳು. ಊಟಕ್ಕೆ ಕರೆದರೆ ಬರಲಿಲ್ಲ.

ಏನಾಯಿತೆಂದು ಆ ಹುಡುಗ ಕೇಳಿದ. ಮನೆತನದ ಮರ್ಯಾದೆ ಉಳಿಸಲು ನನ್ನ ತಮ್ಮ, "ಇವತ್ತು ನಮ್ಮಲ್ಲಿ ದೊಡ್ಡ ಉಪವಾಸ" ಅಂದ. ಹುಡುಗ ಭಾರೀ ಮರ್ಯಾದಸ್ಥ. ತನ್ನ ಎಲೆಯನ್ನೂ ಪಕ್ಕಕ್ಕೆ ಸರಿಸಿ ಕೈ ಮುಗಿದ. ಅತಿಥಿ ಉಣ್ಣದೆ ನಾವು ಉಣ್ಣುವುದುಂಟೇ? ಒಂದು ಒದೆತಕ್ಕೆ ಇಡೀ ಗೆಸ್ಟ್ ಹೌಸ್ ಹಸಿದು ಮಲಗಿತು.

ಆಕಿಯಪ್ಪ

ಈ ಸುದ್ದಿ ಕಂಪ್ಲಿಗೆ ಮುಟ್ಟಿತು. ಹೆಣ್ಣುಮಗಳು ಬಡಿದಾಡುವುದೇ ನನ್ನ ಹೆಂಡತಿಗೆ ಸರಿಬರದು, ಇನ್ನು ಆಟಕ್ಕಾಗಿ ಅನ್ನ ಬಿಡುವುದೆಂದರೆ? ಹೊಸಪೇಟೆಯಲ್ಲಿ ಇದೇ ಆಟದ ಜೋಡಿಗಳ ಪಂದ್ಯ ಇದೆಯೆಂದು ಅವಳಿಗೆ ಗೊತ್ತಿತ್ತು. ಅವಳು ತೀರ್ಪು ಕೊಟ್ಟಳು: "ಅಲ್ಲಿ ಗೆದ್ದು ಬಂದೋರು ಈ ಮನಿಯಾಗ ಆಡ್ಲಿ. ಇಲ್ಲಂದ್ರ ಆ ಡಬ್ಬಿ ಅಟ್ಟ ಸೇರ್ತೈತಿ. ಮತ್ತ ಇಳ್ಸಾಕ ಬಿಡಂಗಿಲ್ಲ."

ಮಗಳು ಅಂದಿನಿಂದ ನಗುವುದನ್ನೇ ಬಿಟ್ಟಳು. ಪಂದ್ಯದ ಹಿಂದಿನ ದಿನ ಅವಳ ಜೋಡಿ, ಸಂಡೂರಿನ ಗೆಳತಿ, ಫೋನ್ ಮಾಡಿ ಅತ್ತಳು. ಮೈಮೇಲೆ ಅಮ್ಮ ಎದ್ದು ಮೈಯೆಲ್ಲ ಗುಳ್ಳೆ, ಹೊಸ್ತಿಲು ದಾಟುವಂತಿರಲಿಲ್ಲ. ಮಗಳು ಫೋನ್ ಇಟ್ಟು ನನ್ನ ಮುಖ ನೋಡಿದಳು.

"ಅಪ್ಪಾ, ನೀ ಬಂದು ಬರೇ ಕುಂದ್ರು. ಎಲ್ಲಾರ್ನೂ ನಾನೇ ಹೊಡೀತೀನಿ."

ಹೊಸಪೇಟೆಯ ಕಲ್ಯಾಣ ಮಂಟಪದಲ್ಲಿ ಹೆಸರು ಬರೆದುಕೊಳ್ಳುವವನು ಕೇಳಿದ, "ಆಟದ ಹೆಸರು ಏನು ಬರೀಲಿ ಅಂಕಲ್? ಎಲ್ಲಾರೂ ಖಡಕ್ ಹೆಸರು ಇಟ್ಕೊಂಡಾರ."

ಮನೆದೇವರ ಹೆಸರು ಬಾಯಿಗೆ ಬಂತು. ಸೋತರೆ ದೇವರು ಸೋತ ಹಾಗಾಗುತ್ತದೆಂದು ನುಂಗಿಕೊಂಡೆ. "ಏನೂ ಬ್ಯಾಡಪ್ಪ. ಅಲ್ಲಿ ನಿಂತಾಳಲ್ಲ, ನಾ ಆಕಿಯಪ್ಪ" ಎಂದೆ.

ಹಾಜರಿ ಕರೆಯಲು ಮೈಕಿನವನು ಗಂಟಲು ಹರಿದುಕೊಂಡು ಕೂಗಿದ: "ರಣಹದ್ದಿನ ಜೋಡಿ ಇತ್ತ ಐತಿ, ಆಕಿಯಪ್ಪನ ಜೋಡಿ ಎತ್ತ ಐತಿ?"

ಅವನಿನ್ನೂ ಏನೂ ಮಾಡಿಲ್ಲ

ಒಬ್ಬರು ಸೋತರೆ ಅವರ ಜಾಗಕ್ಕೆ ಜೋಡಿಯವರು ಬಂದು ಆಡಬೇಕು, ಇಬ್ಬರೂ ಸೋತರೆ ಮನೆಗೆ. ಮಗಳು ಹೇಳಿದಂತೆಯೇ ಒಬ್ಬಳೇ ಎಲ್ಲರನ್ನೂ ಉರುಳಿಸುತ್ತಾ ಹೋದಳು. ನಾನು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದೆ. ಕೊನೆಯ ಪಂದ್ಯ ರಣಹದ್ದಿನ ಜೋಡಿಯ ಮೇಲೆ. ಅದರಲ್ಲಿ ಒಬ್ಬನನ್ನು ಕೆಡವಿದಳು. ಆಮೇಲೆ ಖುದ್ದು ರಣಹದ್ದೇ ಬಂದು ಕುಳಿತ. ಮಗಳ ಕೈ ಬೆವರಿತ್ತು. ಸೋತಳು.

ಎದ್ದು ಬಂದಳು. ರಿಮೋಟನ್ನು ನನ್ನ ಅಂಗೈಯಲ್ಲಿಟ್ಟಳು. ನನಗೆ ಕಂಡದ್ದು ಮನೆಯ ಅಟ್ಟದ ಕತ್ತಲೆ.

ಆದರೆ ರಣಹದ್ದು ನನ್ನನ್ನು ಬೇರೆಯೇ ಕಣ್ಣಿನಲ್ಲಿ ನೋಡುತ್ತಿದ್ದ. ದಿನವಿಡೀ ಒಮ್ಮೆಯೂ ಕಣಕ್ಕಿಳಿಯದೆ ಕಣ್ಣು ಮುಚ್ಚಿ ಕುಳಿತವನು! "ದೊಡ್ಡ ಉಸ್ತಾದ್ ಇರಬೇಕಲೇ, ಕೊನೀಗೆ ಅಂತ ಇಟ್ಟಾರ" ಎಂದು ತನ್ನವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಆಟ ಶುರು. ನಾನು ಬಗ್ಗಿದೆ. ಅವನು ಹಿಂದೆ ಸರಿದ. ನಾನು ಬಗ್ಗಿಯೇ ಇದ್ದೆ. ಅವನು ಇನ್ನೂ ಹಿಂದೆ ಹೋಗಿ ಪರದೆಯ ಅಂಚಿಗೆ ಒರಗಿದ. ಪರದೆಯ ಮೇಲೆ ಗಡಿಯಾರ ಇಳಿಯುತ್ತಿತ್ತು. ಹಿಂದಿನ ಸಾಲಿನವರು ಕುರ್ಚಿ ಹತ್ತಿ ನಿಂತರು.

ಮಗಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ಹೊಡಿ!"

"ಅವನಿನ್ನೂ ಏನೂ ಮಾಡಿಲ್ಲಲ್ಲವಾ!"

ಜನ ಗೊಳ್ಳೆಂದರು. ಆ ನಗೆಗೆ ರಣಹದ್ದಿನ ತಾಳ್ಮೆ ಹರಿಯಿತು. ಹಾರಿದ. ಅವನ ಒದೆತ ಬಗ್ಗಿದ ನನ್ನ ಪೈಲ್ವಾನನ ತಲೆಯ ಮೇಲಿಂದ ಹಾದುಹೋಯಿತು. ಈಗ ಅವನು ಕೈ ಮಾಡಿದ ಹಾಗಾಯಿತು, ಇನ್ನು ನನ್ನ ಮೇಲೆ ಪಾಪವಿಲ್ಲ. ಗೊತ್ತಿದ್ದ ಒಂದೇ ಗುಂಡಿ ಒತ್ತಿದೆ. ಗಾಳಿಯಲ್ಲಿದ್ದವನ ಗದ್ದಕ್ಕೆ ಗುದ್ದು ಬಿತ್ತು, ನೆಲಕ್ಕೆ ಬಿದ್ದ. ಅವನು ಏಳುವ ತನಕ ಕಾಯೋಣವೆಂದು ನಾನು ಮತ್ತೆ ಬಗ್ಗಿ ಕುಳಿತೆ. ಎದ್ದವನು ಹತ್ತಿರ ಬರಲು ಅಂಜಿದ. ಗಡಿಯಾರ ನಿಂತಿತು. ಹೊತ್ತು ಮುಗಿದಾಗ ಯಾರ ಪೈಲ್ವಾನನಿಗೆ ಶಕ್ತಿ ಹೆಚ್ಚು ಉಳಿದಿದೆಯೋ ಅವರೇ ಗೆದ್ದ ಹಾಗೆ; ಒಂದು ಗುದ್ದಿನಷ್ಟು ನನ್ನವನಿಗೆ ಹೆಚ್ಚಿತ್ತು.

ರಣಹದ್ದು ಬಂದು ನನ್ನ ಕಾಲು ಮುಟ್ಟಿದ. "ಅಂಕಲ್, ಒಂದ ಮಾತು. ನಾ ಸುಮ್ನ ನಿಂತಿದ್ರ ಏನ್ ಮಾಡ್ತಿದ್ರಿ?"

"ನಾನೂ ಸುಮ್ನ ಇರ್ತಿದ್ದೆ ತಮ್ಮ."

ಅವನು ಅಲ್ಲೇ ನೆಲಕ್ಕೆ ಕುಕ್ಕರಿಸಿದ.

ತೀರ್ಪು

ಮನೆ ಮುಟ್ಟಿದೆವು. ಹೆಂಡತಿ ಬಾಗಿಲಲ್ಲೇ ಕೇಳಿದಳು, "ಕೊನೀಗೆ ಗೆದ್ದೋರು ಯಾರು?"

ಮಗಳು ಸುಳ್ಳು ಹೇಳುವವಳಲ್ಲ. ತಲೆ ತಗ್ಗಿಸಿ, "ಅಪ್ಪ" ಅಂದಳು.

"ಹಂಗಾರ ಡಬ್ಬಿ ಅಪ್ಪಂದು. ಅಟ್ಟಕ್ಕ ಬ್ಯಾಡ. ಅವರ ಜೊತಿಗೆ ಒಬ್ರು ಬೇಕಲ್ಲ, ನೀನೂ ಕುಂದ್ರು."

ಈಗ ಮುಂದಿನ ಪಂದ್ಯ ಬಳ್ಳಾರಿಯಲ್ಲಂತೆ. ನಮ್ಮ ಮನೆಯಲ್ಲಿ ಎಲ್ಲವೂ ತಲೆಕೆಳಗಾಗಿದೆ. ಮಗಳು ಮಂಡಕ್ಕಿ ತಿನ್ನುತ್ತಾ, ಸೋತರೂ ನಗುತ್ತಾ ಆಡುತ್ತಾಳೆ. ಬೆವರುವವನು ನಾನು. ನಿನ್ನೆ ಸಂಜೆಯೂ ಪದ್ಧತಿಯಂತೆ ಮೊದಲು ಬಗ್ಗಿದೆ. ಬಡಿದಾಟವೇ ಸರಿಬರದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಳು:

"ನಮಸ್ಕಾರ ದೇವರ ಮನಿಯಾಗ ಮಾಡ್ರಿ! ಇಲ್ಲಿ ಮೊದಲು ಆಕಿನ್ನ ಒದೀರಿ!"